ಎಡಗಡೆಯ ಹೆಸರುಗಳು

ಶೆಟ್ಟಿಹಳ್ಳಿ
9 ಜೂನ್ 2024

ಮಧುಶ್ರೀ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಪಕ್ಕದ ಮನೆಯವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತೀಯ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು. ಆದರೆ ಹರಿಯುವ ಮೊದಲು ಓದುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು.

ಬಿಳಿಮಲ್ಲಿಗೆ ಲಾಂಡ್ರಿಯಿಂದ ನನ್ನನ್ನು ಕಳಿಸಿದ ದಿನ ನೀನು ಗೋಡೆಯ ಟೀವಿ ಪಕ್ಕ ಮೌಸ್ ಹಿಡಿದು ನಿಂತಿದ್ದೆ. ತಲೆ ಎತ್ತಲಿಲ್ಲ. ಅದಕ್ಕೇ ನೀನು ನೋಡದೆ ಬಿಟ್ಟದ್ದನ್ನು ಬರೆಯುತ್ತಿದ್ದೇನೆ. ಮ್ಯಾನೇಜರ್ ವೇಣುಗೋಪಾಲ್ ನನ್ನ ಹೆಸರಿನ ಮೇಲೆ ಕಡ್ಡಿ ಇಟ್ಟು, "ಈ ತಿಂಗಳೂ ಕೆಂಪು! ಇಸ್ತ್ರಿ ಸೆಕ್ಷನ್‌ಗೆ ಸೂಪರ್‌ವೈಸರ್ ಬೇಕಿತ್ತು ಕಣ್ರೀ, ಕಲೆ ಸಾಕೋರಲ್ಲ" ಎಂದರು. ಒಗೆಯುವ ಸೆಕ್ಷನ್ನಿನ ಸೋಮನಾಥ ಹಿಂದಿನಿಂದ, "ಏನ್ ಕೆಂಪಮ್ಮಾ, ಈ ಸಲಾನೂ ಅರಿಶಿನ ಕುಂಕುಮ ಜೋರಾ?" ಎಂದ. ಎಲ್ಲರೂ ನಕ್ಕರು. ನಮ್ಮ ರೋಲರಿನ ರಾಮಲಕ್ಷ್ಮಮ್ಮ ಕೂಡ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮ್ಯಾನೇಜರ್ ಏಪ್ರನ್ ಅಲ್ಲೇ ಬಿಚ್ಚಿಕೊಡಿ ಎಂದರು. ಬೆನ್ನ ಹಿಂದಿನ ಗಂಟು ಬಿಗಿದುಕೊಂಡಿತ್ತು. ದಿನಾ ಸಂಜೆ ಅದನ್ನು ಬಿಚ್ಚಿಕೊಡುತ್ತಿದ್ದವಳು ನೀನು. ಅವತ್ತು ಅಷ್ಟು ಜನರ ಎದುರು ನಾನೇ ಎಳೆದಾಡಿ ಬಿಚ್ಚಿದೆ.

ನೀನು ಏನು ಮಾಡಿದೆ ಎನ್ನುವುದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ನೀನೇ ಹೇಳಿಕೊಟ್ಟದ್ದು. ಕಂಪ್ಯೂಟರ್ ಕಲಿತು ಬಂದ ಹೊಸದರಲ್ಲಿ ಊಟ ಮಾಡುತ್ತಾ ಹೇಳಿದ್ದೆ: "ಅಕ್ಕಾ, ಲೆಕ್ಕ ಎಲ್ಲಾ ಒಳಗಡೆ ಇರತ್ತೆ. ವ್ಯೂ ಅಂದ್ರೆ ಕಿಟಕಿ ಇದ್ದಂಗೆ. ಎಡಗಡೆ ಯಾರನ್ನ ಇಡ್ತೀವಿ, ಮೇಲ್ಗಡೆ ಏನ್ ಇಡ್ತೀವಿ, ಏನ್ ಮುಚ್ಚಿಡ್ತೀವಿ, ಅಷ್ಟೇ ಆಟ."

ಸೋಮನಾಥನ ಮೆಷಿನ್ನುಗಳಲ್ಲಿ ಒಗೆದ ಹಾಸುಬಟ್ಟೆ ನಮ್ಮ ಇಸ್ತ್ರಿ ರೋಲರಿಗೆ ಬರುತ್ತಿತ್ತು. ಕಲೆ ಉಳಿದದ್ದನ್ನು ಕಂಡವರು ಕೆಂಪು ಗುಂಡಿ ಒತ್ತಬೇಕು. ಶಹರ್ಬಾನು ಸೂಪರ್‌ವೈಸರ್ ಆಗಿದ್ದಾಗ ಕೆಲವರು ಒತ್ತದೆ, ಕಲೆಯನ್ನು ಒಳಗೆ ಮಡಚಿ ಕಳಿಸುತ್ತಿದ್ದರು. ನಾನು ಬಂದ ಮೇಲೆ ಒಂದನ್ನೂ ಮಡಚಬೇಡಿ, ಒತ್ತಿ ಎಂದೆ. ಗುಂಡಿ ಒತ್ತಿದಾಗ ಎರಡು ಸಂಗತಿ ಒಳಗೆ ಹೋಗುತ್ತವೆ: ಕಲೆ ಕಂಡ ಸೆಕ್ಷನ್ನಿನ ಸೂಪರ್‌ವೈಸರ್ ಯಾರು, ಬಟ್ಟೆ ಬಂದದ್ದು ಯಾವ ಮೆಷಿನ್ನಿನಿಂದ. ನಿನ್ನ ಕಿಟಕಿಯಲ್ಲಿ ಎಡಗಡೆ ಸೂಪರ್‌ವೈಸರ್ ಹೆಸರು ಮಾತ್ರ ಇತ್ತು. ಮೆಷಿನ್ನನ್ನು ಮುಚ್ಚಿಟ್ಟೆ. ಹಾಗಾಗಿ ಕಲೆ ಮಾಡಿದ ಸೋಮನಾಥ ಹಸಿರು, ಕಲೆ ಕಂಡ ನಾನು ಕೆಂಪು. ಅವನು ವೇಣುಗೋಪಾಲ್ ಹೆಂಡತಿಯ ತಮ್ಮ ಎನ್ನುವುದು ಲಾಂಡ್ರಿಯ ಬೆಕ್ಕಿಗೂ ಗೊತ್ತು.

ಮೊನ್ನೆ ಜಾಲಹಳ್ಳಿ ಬಸ್ಸಿನಲ್ಲಿ ನಮ್ಮ ಸೆಕ್ಷನ್ನಿಗೆ ಹೊಸದಾಗಿ ಸೇರಿದ್ದ ಹುಡುಗಿ ಸಿಕ್ಕಿದಳು. "ಕೆಂಪಮ್ಮಕ್ಕಾ, ಬನ್ನಿ ಕೂತ್ಕೊಳಿ" ಎಂದು ಜಾಗ ಬಿಟ್ಟಳು. ಅವಳಿಗೆ ಕುಚೋದ್ಯವಿರಲಿಲ್ಲ. ಅದೇ ನನ್ನ ಹೆಸರು ಎಂದುಕೊಂಡಿದ್ದಾಳೆ.

ನನಗೆ ಆ ಕೆಲಸ ವಾಪಸ್ ಬೇಡ. ಬೇಕಾದದ್ದು ಒಂದೇ. ಅದೇ ಹಾಲ್‌ನಲ್ಲಿ, ಅದೇ ಗೋಡೆಯ ಮೇಲೆ, ಅದೇ ಜನರ ಎದುರು ನನ್ನ ಹೆಸರಿನ ಕೆಂಪು ಹೋಗಬೇಕು. ನಿನ್ನ ಕೈಯಿಂದಲೇ ಹೋಗಬೇಕು. ಅಲ್ಲಿಯವರೆಗೆ ನಿನ್ನನ್ನು ನೆಮ್ಮದಿಯಾಗಿ ಇರಲು ಬಿಡುವುದಿಲ್ಲ.

ಕೆಂಪಮ್ಮ ಅಲ್ಲದ
ಜ್ಯೋತಿಲಕ್ಷ್ಮಿ


ಸಹಕಾರನಗರ
30 ಜೂನ್ 2024

ಜ್ಯೋತಕ್ಕ,

ನಿಮ್ಮ ಕಾಗದ ಮೊದಲು ಅಮ್ಮನ ಕೈಗೆ ಸಿಕ್ಕಿತು. ಅವರಿಗೆ ಬಿಪಿ ಇರುವುದು ನಿಮಗೆ ಗೊತ್ತು. ಮನೆಗೆ ಬರೆಯಬೇಡಿ ಎಂದು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀವು ಕೂಗುತ್ತೀರಿ, ನಾನೂ ಕೂಗುತ್ತೇನೆ.

ವ್ಯೂ ಮಾಡುವುದು ನನ್ನ ಕೆಲಸ. ಎಡಗಡೆ ಯಾರ ಹೆಸರು ಬರಬೇಕು ಎಂದು ಸಾರ್ ಹೇಳುತ್ತಾರೆ, ಹಾಗೆ ಮಾಡುತ್ತೇನೆ. ಅಳತೆ ಕೊಟ್ಟವರು ಬೇರೆ, ಹೊಲಿದವಳು ನಾನು. ನಾನು ಒಂದು ಅಂಕಿಯನ್ನೂ ತಿದ್ದಿಲ್ಲ. ಅಷ್ಟು ಗುಂಡಿ ನಿಮ್ಮ ಸೆಕ್ಷನ್ನಿನವರು ಒತ್ತಿದ್ದು ನಿಜ ತಾನೇ?

ಇನ್ನೊಂದು ಮಾತು. ನಿಮಗಿಂತ ಮೊದಲು ಶಹರ್ಬಾನು ಅದೇ ಗೋಡೆಯ ಮೇಲೆ ಕೆಂಪಾಗಿದ್ದರು. ಅವರನ್ನು ಕಳಿಸಿದ ಮರುದಿನ ಅವರ ಬ್ಯಾಡ್ಜು ನಿಮ್ಮ ಎದೆಯ ಮೇಲಿತ್ತು. ಅವತ್ತು, "ಮಧೂ, ಅವರದ್ದು ಯಾಕೆ ಕೆಂಪಾಯ್ತು?" ಎಂದು ನೀವು ನನ್ನನ್ನು ಕೇಳಲಿಲ್ಲ. ಸ್ವೀಟ್ ಹಂಚಿದಿರಿ. ನಾನೂ ತಿಂದೆ.

ಇಷ್ಟಕ್ಕೆ ನಿಲ್ಲಿಸೋಣ.

ಮಧುಶ್ರೀ


ಶೆಟ್ಟಿಹಳ್ಳಿ
18 ಆಗಸ್ಟ್ 2024

ಮಧುಶ್ರೀ,

ಒಂದು ಸಂತೋಷದ ಸುದ್ದಿ ಇದೆ. ಸಂತೋಷ ನನಗೆ, ನಿನಗಲ್ಲ.

ಹೆಬ್ಬಾಳದ ಫ್ಲೈಓವರಿನಿಂದ ಕಾಣುವ ಆ ದೊಡ್ಡ ಹೋಟೆಲಿನ ಬಟ್ಟೆ ಕೋಣೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಹಾಸುಬಟ್ಟೆ, ದಿಂಬಿನ ಚೀಲ, ಟವೆಲ್ಲು, ಎಲ್ಲವೂ ಒಗೆಯಲು ಹೋಗುವುದು, ಬಂದದ್ದನ್ನು ನೋಡಿ ತೆಗೆದುಕೊಳ್ಳುವುದು ನನ್ನ ಕೈಯಿಂದ. ನಮಗೆ ಎರಡು ಲಾಂಡ್ರಿಗಳು ಬಟ್ಟೆ ಒಗೆದುಕೊಡುತ್ತವೆ. ಅದರಲ್ಲಿ ಒಂದು ಬಿಳಿಮಲ್ಲಿಗೆ. ಈಗ ಸ್ವಲ್ಪ ಕೂತುಕೊಂಡು ಓದು.

ಇಲ್ಲಿಯ ಮ್ಯಾನೇಜರ್ ನಂದಕುಮಾರ್. ಕೆಲಸಕ್ಕೆ ತೆಗೆದುಕೊಳ್ಳುವಾಗ, "ಕಂಪ್ಯೂಟರ್ ಬರತ್ತೇನಮ್ಮಾ?" ಎಂದು ಕೇಳಿದರು.

"ಬರಲ್ಲ ಸಾರ್. ಆದ್ರೆ ಅದು ಏನ್ ಮಾಡತ್ತೆ ಅಂತ ಗೊತ್ತು. ನನ್ನ ಹಿಂದಿನ ಕೆಲಸ ತೆಗೆದಿದ್ದೇ ಅದು."

ಅವರು ಜೋರಾಗಿ ನಕ್ಕು, "ಹಂಗಾದ್ರೆ ಕಲೀರಿ, ಸೇಡು ತೀರಿಸ್ಕೊಳಿ" ಎಂದರು. ತಮಾಷೆಗೆ ಹೇಳಿದರು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಇಲ್ಲಿ ಇರುವುದೂ ನಿಮ್ಮಲ್ಲಿರುವ ಅದೇ ಸಾಫ್ಟ್‌ವೇರು. ಕಂಪನಿಯವರು ಬಂದು ಒಂದು ವಾರ ಕಲಿಸಿದರು. ಈಗ ಹೆಸರುಗಳನ್ನು ಮೌಸಿನಿಂದ ಹಿಡಿದು ಎಡಗಡೆಗೆ ಎಳೆಯುತ್ತೇನೆ. ತಿಂಗಳುಗಳನ್ನು ಮೇಲಕ್ಕೆ ಏರಿಸುತ್ತೇನೆ. ಎಷ್ಟು ದಾಟಿದರೆ ಕೆಂಪು ಎಂದು ನಾನೇ ಬರೆಯುತ್ತೇನೆ. ಹೆಸರು ಎಷ್ಟು ಹಗುರ ಮಧುಶ್ರೀ! ಒಂದು ಒದ್ದೆ ಟವೆಲ್ಲಿನ ತೂಕವೂ ಇಲ್ಲ. ನನ್ನನ್ನು ಎಳೆದಾಗಲೂ ನಿನ್ನ ಕೈಗೆ ಹೀಗೇ ಇತ್ತಾ?

ಶಹರ್ಬಾನು ವಿಷಯ ಎತ್ತಿದ್ದೀಯ. ಅದನ್ನು ನಾನು ಅವರ ಹತ್ತಿರ ಮಾತಾಡಿಕೊಳ್ಳುತ್ತೇನೆ. ನೀನು ನನ್ನ ಹತ್ತಿರ ಮಾತಾಡು. ನನ್ನ ಹೆಸರಿನ ಕೆಂಪನ್ನು ಯಾವ ಮೀಟಿಂಗಿನಲ್ಲಿ ತೆಗೆಯುತ್ತೀಯ, ಅದನ್ನು ಬರೆ.

ನಿನ್ನ ವಿದ್ಯೆಯನ್ನೇ ಕಲಿಯುತ್ತಿರುವ
ಜ್ಯೋತಿಲಕ್ಷ್ಮಿ


ಸಹಕಾರನಗರ
15 ಸೆಪ್ಟೆಂಬರ್ 2024

ಜ್ಯೋತಕ್ಕ,

ನಿಮಗೆ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ಇದನ್ನು ಹೆದರಿಕೊಂಡು ಹೇಳುತ್ತಿಲ್ಲ.

ನೀವು ಕೇಳಿದ್ದನ್ನು ಮಾಡೋಣವೆಂದು ನಿಜವಾಗಿ ನೋಡಿದೆ. ಮಾಡಲು ಬರುವುದಿಲ್ಲ. ಕೆಲಸ ಬಿಟ್ಟವರನ್ನು ಈ ಸಾಫ್ಟ್‌ವೇರು ತೋರಿಸುವುದಿಲ್ಲ. ಹೋದವರ ಹೆಸರು ಎಡಗಡೆಯಿಂದ ಅಳಿಸಿಹೋಗುತ್ತದೆ. ನೀವಿದ್ದ ತಿಂಗಳುಗಳ ಎದುರು ಈಗ 'ಇತರೆ' ಎಂದು ಬರುತ್ತದೆ, ಅಷ್ಟೇ. ಹೆಸರೇ ಇಲ್ಲದ ಮೇಲೆ ಕೆಂಪು ಎಲ್ಲಿಂದ ಬಂತು? ಯಾವುದನ್ನು ತೆಗೆಯಲಿ? ಇದು ಅಮ್ಮನ ಆಣೆಗೂ ನಿಜ.

ಒಂದು ರೀತಿಯಲ್ಲಿ ನೀವು ಕೇಳಿದ್ದು ಆಗಿಯೇ ಹೋಗಿದೆ ಎಂದುಕೊಳ್ಳಿ. ಇಲ್ಲಿ ಯಾರೂ ನಿಮ್ಮ ಹೆಸರು ಎತ್ತುವುದಿಲ್ಲ. ಹೊಸ ಸೂಪರ್‌ವೈಸರ್ ಬಂದಿದ್ದಾಳೆ. ಅವಳು ಮತ್ತೆ ಮಡಚಿ ಕಳಿಸಿ ಎನ್ನುತ್ತಾಳೆ. ಎಲ್ಲರೂ ನೆಮ್ಮದಿಯಾಗಿದ್ದಾರೆ. ನೀವೂ ಇರಿ.

ಮಧುಶ್ರೀ


ಶೆಟ್ಟಿಹಳ್ಳಿ
20 ಅಕ್ಟೋಬರ್ 2024

ಮಧುಶ್ರೀ,

ನೀನು ತಾಯಿಯ ಮೇಲೆ ಆಣೆ ಇಟ್ಟಿದ್ದೆ.

ಹೋದ ವಾರ ನಂದಕುಮಾರ್ ಹೋದ ವರ್ಷದ ಲೆಕ್ಕ ಕೇಳಿದರು. ಹೋದ ವರ್ಷ ಇದ್ದವರಲ್ಲಿ ಅರ್ಧ ಜನ ಈಗಿಲ್ಲ. ನೀನು ಹೇಳಿದ ಹಾಗೆ ನನಗೂ 'ಇತರೆ' ಎಂದೇ ಬಂತು. ನಾನು ಸಾಫ್ಟ್‌ವೇರ್ ಕಂಪನಿಯ ಹುಡುಗಿಗೆ ಫೋನು ಮಾಡಿದೆ. "ಮ್ಯಾಮ್, ಕೆಳಗಡೆ ಚಿಕ್ಕ ಚೌಕ ಇದೆ ನೋಡಿ, ಬಿಟ್ಟು ಹೋದವರನ್ನೂ ತೋರಿಸು ಅಂತ. ಟಿಕ್ ಮಾಡಿ" ಎಂದಳು. ಮಾಡಿದೆ. ಹೋದವರೆಲ್ಲ ಬಂದು ಸಾಲಾಗಿ ನಿಂತರು.

ಒಂದು ಟಿಕ್ಕು. ನಾನು ಇದ್ದೇನೆ ಎನ್ನಲು ನೀನು ಒಂದು ಟಿಕ್ಕು ಹಾಕಬೇಕಿತ್ತು. ಅದರ ಬದಲು ನಾನು ಅಳಿಸಿಹೋಗಿದ್ದೇನೆ ಎಂದು ಬರೆದು, ನೆಮ್ಮದಿಯಾಗಿರು ಎಂದೆ. ಕೆಂಪು ಮಾಡಿದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಅವತ್ತೇ ಕೆಲಸ ಮುಗಿಸಿ ಆರ್.ಟಿ. ನಗರಕ್ಕೆ ಹೋದೆ, ಶಹರ್ಬಾನು ಮನೆಗೆ. ಮಸೀದಿಯ ಹಿಂದಿನ ಓಣಿಯಲ್ಲಿ ಮೊದಲ ಮಹಡಿ. ಈಗ ಮನೆಯಲ್ಲೇ ಬುರ್ಖಾ ಹೊಲಿಯುತ್ತಾರೆ. ಬಾಗಿಲು ತೆರೆದು ನನ್ನನ್ನು ನೋಡಿ, "ಯಾಕ್ ಬಂದೆ? ಬ್ಯಾಡ್ಜ್ ವಾಪಸ್ ಕೊಡಕ್ಕಾ?" ಎಂದರು.

"ಅದನ್ನ ನನ್ನಿಂದಾನೂ ಕಿತ್ಕೊಂಡ್ರು ಬಾನೂ."

"ಗೊತ್ತು. ರಾಮಲಕ್ಷ್ಮಮ್ಮ ಫೋನ್ ಮಾಡಿದ್ರು. ನಗಬೇಕು ಅಂದ್ಕೊಂಡೆ, ನಗು ಬರಲಿಲ್ಲ. ನನ್ನ ಟೈಮಲ್ಲಿ ನಿಂಗೆ ಚೆನ್ನಾಗೇ ಬಂದಿತ್ತು, ಅಲ್ವಾ? ನೀನು ಎರಡನೇ ಸಾಲಲ್ಲಿ ಕೂತಿದ್ದೆ."

ಒಳಗೆ ಕೂರಿಸಿ ಕೊಟ್ಟ ಚಹಾ ಕುಡಿದೆ. ಒಳ್ಳೆಯ ಚಹಾ. ಅವರು ಇನ್ನೊಂದು ಲೋಟ ಹಾಕಿದರು. ಹೊರಡುವಾಗ, "ನೀನು ಏನಾದ್ರೂ ಮಾಡೋದಾದ್ರೆ ನನ್ನ ಹೆಸರನ್ನೂ ಸೇರಿಸ್ಕೋ. ಬಿಟ್ಟು ಮಾಡಿದ್ರೆ ನಿನ್ನ ಮುಖ ನೋಡಲ್ಲ" ಎಂದರು.

ಈಗ ಸರಿಯಾಗಿ ಕೇಳು. ಡಿಸೆಂಬರ್ ಕೊನೆಗೆ ನಿಮ್ಮ ಲಾಂಡ್ರಿಯ ಕಾಂಟ್ರಾಕ್ಟ್ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ನಂದಕುಮಾರ್ ನಿರ್ಧರಿಸುವುದು ನಾನು ತೋರಿಸುವ ವ್ಯೂ ನೋಡಿ. ನಾನು ಎರಡು ಮಾಡಿಟ್ಟಿದ್ದೇನೆ. ಒಂದರಲ್ಲಿ ಇಡೀ ವರ್ಷ ಇದೆ. ಅದರಲ್ಲಿ ನೀವು ಪರವಾಗಿಲ್ಲ. ಇನ್ನೊಂದರಲ್ಲಿ ಬಟ್ಟೆ ಸರಿಯಾಗಿ ಒಣಗದ ಮಳೆಗಾಲದ ತಿಂಗಳುಗಳು ಮಾತ್ರ ಇವೆ. ಅದರಲ್ಲಿ ಬಿಳಿಮಲ್ಲಿಗೆ ಎನ್ನುವ ಹೆಸರು ಗಾಯದ ಹಾಗೆ ಕಾಣುತ್ತದೆ. ನಾನೂ ಒಂದು ಅಂಕಿಯನ್ನು ತಿದ್ದಿಲ್ಲ. ನೀನು ಕಲಿಸಿದ ಹಾಗೆಯೇ ಮಾಡಿದ್ದೇನೆ.

ನಿಮ್ಮ ಡಿಸೆಂಬರ್ ಮೀಟಿಂಗಿನಲ್ಲಿ ಗೋಡೆಯ ಮೇಲೆ ಹೊಸ ವ್ಯೂ ತೆರೆ. ಚೌಕಕ್ಕೆ ಟಿಕ್ ಹಾಕು. ಶಹರ್ಬಾನು ಮತ್ತು ಜ್ಯೋತಿಲಕ್ಷ್ಮಿ ಎನ್ನುವ ಹೆಸರುಗಳು ಮೊದಲು ಬರಲಿ, ಎಲ್ಲರೂ ನೋಡಲಿ. ಆಮೇಲೆ ಮೆಷಿನ್ನುಗಳನ್ನು ಎಡಗಡೆಗೆ ತಂದು ಕೆಂಪು ಎಲ್ಲಿಗೆ ಹೋಗುತ್ತದೆ ಎಂದು ತೋರಿಸು. ಮೇಲೆ, ಈ ವ್ಯೂ ಮಾಡಿದವರು ಮಧುಶ್ರೀ ಎಂದು ದೊಡ್ಡದಾಗಿ ಬರೆ. ಹಳೆಯದನ್ನು ಮಾಡಿದವರೂ ಅವರೇ ಎಂದು ಬರೆ.

ಇಲ್ಲದಿದ್ದರೆ ಮಳೆಗಾಲ.

ಜ್ಯೋತಿಲಕ್ಷ್ಮಿ


ಸಹಕಾರನಗರ
3 ನವೆಂಬರ್ 2024

ಜ್ಯೋತಕ್ಕ,

ಟಿಕ್ಕಿನ ವಿಷಯ ನನಗೆ ಗೊತ್ತಿತ್ತು. ಸುಳ್ಳು ಹೇಳಿದೆ. ಅದರ ಮೇಲೆ ಮಾತು ಬೆಳೆಸುವುದಿಲ್ಲ.

ನಿಮ್ಮ ಹೋಟೆಲು ಹೋದರೆ ಇಲ್ಲಿ ಬೆಳಗಿನ ಪಾಳಿಯನ್ನೇ ಮುಚ್ಚುತ್ತಾರೆ. ವೇಣುಗೋಪಾಲ್ ಸಾರ್ ಹೋಗುವುದಿಲ್ಲ, ಸೋಮನಾಥ ಹೋಗುವುದಿಲ್ಲ. ಹೋಗುವುದು ರೋಲರಿನ ಹೆಂಗಸರು. ರಾಮಲಕ್ಷ್ಮಮ್ಮನ ಗಂಡ ಹಾಸಿಗೆ ಹಿಡಿದಿದ್ದಾನೆ. ನಿಮಗೆ ಹುಷಾರಿಲ್ಲದಾಗ ಅವರೇ ಶೆಟ್ಟಿಹಳ್ಳಿಯವರೆಗೆ ಸಾರು ತಂದುಕೊಟ್ಟಿದ್ದರು. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳುತ್ತೀರಾ?

ನಾನು ನಿಮ್ಮ ಮನೆಗೆ ಬಂದು ನಿಮ್ಮ ಎದುರು ತಪ್ಪಾಯಿತು ಎನ್ನುತ್ತೇನೆ. ಶಹರ್ಬಾನು ಅವರ ಎದುರೂ ಹೇಳುತ್ತೇನೆ. ಅಷ್ಟು ಸಾಲದೇ?

ಮಧುಶ್ರೀ


ಹೆಬ್ಬಾಳ
6 ನವೆಂಬರ್ 2024

ಸಾಲದು. ನನ್ನನ್ನು ಕೆಂಪು ಮಾಡಿದ್ದು ನನ್ನ ಮನೆಯಲ್ಲಿ ಅಲ್ಲ. ರಾಮಲಕ್ಷ್ಮಮ್ಮ ಸಾರು ತಂದದ್ದು ನೆನಪಿದೆ, ನಕ್ಕದ್ದೂ ನೆನಪಿದೆ.

ಜ್ಯೋ.


ಸಹಕಾರನಗರ
8 ಡಿಸೆಂಬರ್ 2024

ಜ್ಯೋತಕ್ಕ,

ಆಯಿತು. ನೀವು ಅಲ್ಲಿರಲಿಲ್ಲ, ಆದ್ದರಿಂದ ಬರೆಯುತ್ತೇನೆ. ನೀವು ಕೇಳಿದ್ದರಲ್ಲಿ ಏನನ್ನೂ ಬಿಟ್ಟಿಲ್ಲ ಎಂದು ನಿಮಗೆ ಗೊತ್ತಾಗಬೇಕು.

ಶುಕ್ರವಾರ ಊಟದ ಮೊದಲು ಮೀಟಿಂಗು. ಎಲ್ಲರೂ ಬಟ್ಟೆ ಮೂಟೆಗಳ ಮೇಲೆ ಕೂತಿದ್ದರು. ಸಾರ್ ಕಡ್ಡಿ ಹಿಡಿದು, "ಹಾಕಮ್ಮಾ ಮಧೂ" ಎಂದರು. ನಾನು ಹಾಕಿದೆ. ಮೇಲೆ ನನ್ನ ಹೆಸರು ದೊಡ್ಡದಾಗಿ ಬಂತು, ಹಳೆಯದನ್ನು ಮಾಡಿದವಳೂ ನಾನೇ ಎಂದು ಬಂತು. ಸಾರ್‌ಗೆ ಅದು ನಾನು ಮೆರೆಯಲು ಹಾಕಿಕೊಂಡಂತೆ ಕಂಡಿರಬೇಕು. "ಓಹೋ, ಟೈಟಲ್ ಬೇರೆ! ಸಿನಿಮಾ ಮಾಡಿದೀಯಾ?" ಎಂದು ನಗಿಸಿದರು.

ಆಮೇಲೆ ಟಿಕ್ ಹಾಕಿದೆ. ಮೊದಲು ಶಹರ್ಬಾನು ಹೆಸರು ಬಂತು. ಅದರ ಕೆಳಗೆ ನಿಮ್ಮದು. ಎರಡೂ ಕೆಂಪು. ನಗು ನಿಂತಿತು. ರಾಮಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡು, "ಅಯ್ಯೋ, ನಮ್ ಜ್ಯೋತಿ ಹೆಸರು ಕಣ್ರೇ ಅದು! ಓಗಿದ್ದೋರು ಯಾಕ್ ಬಂದವ್ರೆ?" ಎಂದರು. ಬಸ್ಸಿನಲ್ಲಿ ನಿಮಗೆ ಸಿಕ್ಕಿದ್ದ ಹುಡುಗಿ, "ಜ್ಯೋತಿ ಅಂದ್ರೆ ಯಾರು?" ಎಂದು ಪಿಸುಗುಟ್ಟಿದಳು. "ನೀನ್ ಕೆಂಪಮ್ಮ ಅಂತೀಯಲ್ಲ, ಅವ್ರೇ ಕಣೇ" ಎಂದರು ಯಾರೋ.

ಸಾರ್, "ಇದೇನಮ್ಮಾ ಹಳೇ ಕಥೆ? ತೆಗಿ" ಎಂದರು. ನಾನು ತೆಗೆಯಲಿಲ್ಲ. ಹೆಸರುಗಳನ್ನು ಬಲಕ್ಕೆ ಸರಿಸಿ ಮೆಷಿನ್ನುಗಳನ್ನು ಎಡಗಡೆಗೆ ಎಳೆದೆ. ನೀವು ಹಗುರ ಎಂದು ಬರೆದಿದ್ದಿರಿ. ನನ್ನ ಕೈಗೆ ಹಗುರ ಅನ್ನಿಸಲಿಲ್ಲ. ನಿಮ್ಮಿಬ್ಬರ ಕೆಂಪೂ ಎದ್ದುಹೋಗಿ ಗೋಡೆಯ ಪಕ್ಕದ ಹಳೆಯ ಎರಡು ಮೆಷಿನ್ನುಗಳ ಮೇಲೆ ಕೂತಿತು. ಆ ಎರಡನ್ನೂ ಯಾರು ನಡೆಸುತ್ತಾರೆ ಎಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಎಲ್ಲರೂ ಸೋಮನಾಥನ ಕಡೆ ತಿರುಗಿದರು.

ಅವನು, "ಏಯ್, ಏನ್ ನಾಟಕ ಇದು? ಭಾವಾ, ನೋಡ್ರೀ ಇವ್ಳನ್ನ!" ಎಂದ. ಮೀಟಿಂಗಿನಲ್ಲಿ ಅವನು ಸಾರ್ ಅನ್ನುತ್ತಿದ್ದ. ಭಾವ ಎಂದು ಬಾಯಿಗೆ ಬಂದದ್ದು ಅವತ್ತೇ. ರಾಮಲಕ್ಷ್ಮಮ್ಮ ಎದ್ದು ನಿಂತು, "ಅಲ್ಲಪ್ಪಾ ಕೆಂಪಣ್ಣಾ, ಕುಂಕುಮ ಜೋರಾಗೈತಲ್ಲಾ" ಎಂದರು. ಸೂರು ಹಾರಿಹೋಗುವ ಹಾಗೆ ನಗು.

ಸಾರ್ ಟೀವಿಯ ವೈರನ್ನೇ ಕಿತ್ತರು. ನನ್ನನ್ನು ಆಫೀಸಿಗೆ ಕರೆದು, "ಯಾರು ಹೇಳ್ಕೊಟ್ರು?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ನಿಮ್ಮನ್ನು ಉಳಿಸಲು ಹಾಗೆ ಹೇಳಲಿಲ್ಲ. ನಿಮಗೆ ಹೆದರಿ ಮಾಡಿದೆ ಎಂದು ಅವರ ಎದುರು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಸಂಜೆ ನನ್ನ ಪಾಸ್‌ವರ್ಡು ನಿಂತಿತು. ಗೇಟಿನಲ್ಲಿ ಕಾರ್ಡು ತೆಗೆದುಕೊಂಡರು.

ನಿಮ್ಮ ಹೆಸರಿನ ಕೆಂಪು ಹೋಗಿದೆ. ಅದೇ ಹಾಲ್, ಅದೇ ಗೋಡೆ, ಅದೇ ಜನ, ನನ್ನ ಕೈ. ಇನ್ನು ನಮ್ಮಿಬ್ಬರಿಗೂ ಏನೂ ಇಲ್ಲ.

ಕೆಲಸವಿಲ್ಲದ
ಮಧುಶ್ರೀ


ಶೆಟ್ಟಿಹಳ್ಳಿ
5 ಜನವರಿ 2025

ಮಧುಶ್ರೀ,

ನಿನ್ನ ಕಾಗದವನ್ನು ಶಹರ್ಬಾನುಗೆ ಓದಿ ಹೇಳಿದೆ. ರಾಮಲಕ್ಷ್ಮಮ್ಮ ಹೇಳಿದ ಮಾತನ್ನು ಮತ್ತೆ ಮತ್ತೆ ಓದಿಸಿದರು. ಹೊಲಿಗೆ ಮೆಷಿನ್ನಿನ ಮೇಲೆ ತಲೆ ಇಟ್ಟು ನಕ್ಕರು. ಆಮೇಲೆ ಮುಖ ಒರೆಸಿಕೊಂಡು, "ಆ ಹುಡುಗಿ ಕೆಲ್ಸ ಹೋಯ್ತಾ?" ಎಂದು ಕೇಳಿದರು. ಹೋಯಿತು ಎಂದೆ. "ಹೂಂ" ಎಂದು ಹೊಲಿಯತೊಡಗಿದರು.

ನಾನು ಇಡೀ ವರ್ಷದ ವ್ಯೂ ತೋರಿಸಿದೆ. ಕಾಂಟ್ರಾಕ್ಟ್ ಮುಂದುವರಿಯಿತು. ಸಹಿ ಹಾಕಲು ವೇಣುಗೋಪಾಲ್ ಹೋಟೆಲಿಗೆ ಬಂದಿದ್ದರು. ನನ್ನನ್ನು ಕಂಡು ಬಣ್ಣ ಹೋಯಿತು. "ನೀವು ಇಲ್ಲಿದೀರಾ ಮೇಡಂ, ಗೊತ್ತೇ ಇರಲಿಲ್ಲ" ಎಂದರು. ನಾನು ಅವರನ್ನು ಬಟ್ಟೆ ಕೋಣೆಯಲ್ಲಿ ನಿಲ್ಲಿಸಿ, ಬಂದ ಮೂಟೆಯನ್ನು ಒಂದೊಂದಾಗಿ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಕೂರಿ ಎನ್ನಲಿಲ್ಲ. ಸೋಮನಾಥನನ್ನು ಮೆಷಿನ್ನಿನಿಂದ ತೆಗೆದು ವ್ಯಾನಿಗೆ ಹಾಕಿದ್ದಾರಂತೆ. ಈಗ ಅವನು ನನಗೆ ಮೂಟೆ ಇಳಿಸಿಕೊಡುತ್ತಾನೆ. ತಲೆ ಎತ್ತುವುದಿಲ್ಲ.

ನಿನ್ನ ಕೆಲಸ ಹೋದದ್ದಕ್ಕೆ ನನಗೆ ದುಃಖವಾಗಿದೆ ಎಂದು ಬರೆಯಬೇಕು ಎಂದು ಪೆನ್ನು ಹಿಡಿದೆ. ಆಗಲಿಲ್ಲ. ಹುಡುಕಿದೆ, ಒಳಗೆ ಇಲ್ಲ. ಹೊಸ ವರ್ಷ ನನಗೆ ಚೆನ್ನಾಗಿ ಶುರುವಾಗಿದೆ.

ಗೆದ್ದ
ಜ್ಯೋತಿಲಕ್ಷ್ಮಿ


ಶೆಟ್ಟಿಹಳ್ಳಿ
16 ಫೆಬ್ರವರಿ 2025

ಮಧುಶ್ರೀ,

ಹೋದ ಕಾಗದಕ್ಕೆ ನೀನು ಬರೆಯಲಿಲ್ಲ. ಬರೆಯುತ್ತೀಯ ಎಂದು ಕಾದಿರಲೂ ಇಲ್ಲ. ಈಗ ನಾನೇ ಬರೆಯಬೇಕಾಗಿ ಬಂದಿದೆ.

ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನ ಬರುವ ಅತಿಥಿಗಳಿಗೆ ರೂಮು ಸಿದ್ಧವಿರುವುದಿಲ್ಲ ಎಂದು ದೂರು ಬರುತ್ತಿದೆ. ಕಾರಣ ನನಗೆ ಗೊತ್ತು. ನಂದಕುಮಾರ್ ಬೆಳಗಿನ ಒಂದು ವ್ಯಾನನ್ನು ನಿಲ್ಲಿಸಿದ್ದಾರೆ, ಖರ್ಚು ಉಳಿಸಿದೆ ಎಂದು ಮೇಲಿನವರಿಂದ ಹೊಗಳಿಸಿಕೊಂಡಿದ್ದಾರೆ. ಹಾಸುಬಟ್ಟೆ ತಡವಾಗಿ ಬರುತ್ತದೆ. ರೂಮು ಗುಡಿಸುವ ಹೆಂಗಸರು ಬಟ್ಟೆ ಇಲ್ಲದೆ ಕಾರಿಡಾರಿನಲ್ಲಿ ಕಾಯುತ್ತಾರೆ.

ಶುಕ್ರವಾರ ನಂದಕುಮಾರ್ ಕರೆದು, "ತಿಂಗಳ ಕೊನೆಯ ಮೀಟಿಂಗ್‌ಗೆ ಒಂದು ವ್ಯೂ ಬೇಕಮ್ಮಾ. ಎಡಗಡೆ ರೂಮ್ ಮಾಡೋರ ಹೆಸರು ಬರ್ಲಿ. ಯಾರು ಎಷ್ಟು ತಡ ಅಂತ. ಬಣ್ಣ ಹಾಕ್ಬಿಡಿ" ಎಂದರು.

"ಬಟ್ಟೆ ಬಂದ ಟೈಮೂ ಪಕ್ಕದಲ್ಲಿ ಹಾಕ್ಲಾ ಸಾರ್?"

"ಬೇಡ ಬಿಡಿ. ಗಜಿಬಿಜಿ ಆಗತ್ತೆ." ಆಮೇಲೆ ನಕ್ಕು, "ನಿಮಗೆ ಇದೆಲ್ಲಾ ಚೆನ್ನಾಗಿ ಬರತ್ತೆ, ಅದಕ್ಕೇ ನಿಮಗೇ ಹೇಳ್ತಿರೋದು" ಎಂದರು.

ನಾನು "ಮಾಡ್ಕೊಡ್ತೀನಿ ಸಾರ್" ಎಂದು ಬಂದೆ.

ಬಂದು ಮಾಡಿದೆ. ನೋಡೋಣ ಎಂದು ಮಾಡಿದೆ, ಇನ್ನೂ ಕೊಟ್ಟಿಲ್ಲ. ಎಡಗಡೆ ಮೊದಲ ಹೆಸರು ಮುಸರ್ರತ್. ಎಲ್ಲರಿಗಿಂತ ಕೆಂಪು ಅವಳೇ. ಬಟ್ಟೆ ಬರದಿದ್ದರೆ ಬೇರೆಯವರು ಹಳೆಯ ಹಾಸನ್ನೇ ಜಾಡಿಸಿ ಹಾಕಿ ಮುಗಿಸುತ್ತಾರೆ. ಅವಳು ಹಾಕುವುದಿಲ್ಲ, ಹೊಸದಕ್ಕೆ ಕಾಯುತ್ತಾಳೆ. ನಿನ್ನೆ ಅವಳು ನನ್ನ ಕೋಣೆಗೆ ಬಂದು, "ಅಕ್ಕಾ, ಏನೋ ಲಿಸ್ಟ್ ಮಾಡ್ತಿದೀರಂತೆ, ನನ್ದು ಚೆನ್ನಾಗಿದ್ಯಾ?" ಎಂದು ಕೇಳಿದಳು. ನಾನು ಪರದೆಯನ್ನು ಆ ಕಡೆ ತಿರುಗಿಸಿದೆ.

ಅಕ್ಕನ ಮಗಳು ನನ್ನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಾಳೆ. ಈ ಕೆಲಸ ಬಿಟ್ಟರೆ ನನಗೆ ಇನ್ನೊಂದು ಸಿಗುವುದಿಲ್ಲ. ಇದನ್ನು ನಿನಗೆ ಯಾಕೆ ಹೇಳುತ್ತಿದ್ದೇನೋ.

ಅವತ್ತು, ಶಹರ್ಬಾನು ಹೆಸರನ್ನು ಎಡಗಡೆ ಇಡು ಎಂದು ವೇಣುಗೋಪಾಲ್ ನಿನಗೆ ಹೇಳಿದಾಗ ನೀನು ಏನಂದೆ? ಆಗುವುದಿಲ್ಲ ಎನ್ನುವ ಮಾತು ಬಾಯಿಯವರೆಗಾದರೂ ಬಂದಿತ್ತಾ? ಬಂದಿದ್ದರೆ ಎಲ್ಲಿ ಹೋಯಿತು? ಡಿಸೆಂಬರಿನಲ್ಲಿ ಅವರು ತೆಗಿ ಎಂದಾಗ ನೀನು ತೆಗೆಯದೆ ನಿಂತೆಯಲ್ಲ, ಅದನ್ನು ಹೇಗೆ ಮಾಡಿದೆ? ಹೆದರಿಕೆ ಇಬ್ಬರದ್ದೂ ಇತ್ತು, ನನ್ನದೂ ಅವರದೂ. ಒಂದನ್ನು ಹೇಗೆ ಆರಿಸಿಕೊಂಡೆ?

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಇದನ್ನು ಕೇಳಲು ನನಗೆ ಬೇರೆ ಯಾರೂ ಇಲ್ಲ. ತಿಂಗಳ ಕೊನೆಯೊಳಗೆ ಬರೆ.

ಜ್ಯೋತಿಲಕ್ಷ್ಮಿ


ಸಹಕಾರನಗರ
22 ಫೆಬ್ರವರಿ 2025

ಜ್ಯೋತಕ್ಕ,

ಈ ಕಾಗದಕ್ಕೆ ನಾನು ಕಾದಿದ್ದೆ. ಬಂದೇ ಬರುತ್ತದೆ ಎಂದು ಗೊತ್ತಿತ್ತು, ಇಷ್ಟು ಬೇಗ ಎಂದುಕೊಂಡಿರಲಿಲ್ಲ.

ನೀವು ಕೇಳಿದ್ದಕ್ಕೆಲ್ಲ ನನ್ನ ಹತ್ತಿರ ಉತ್ತರ ಇದೆ. ಆಗುವುದಿಲ್ಲ ಎನ್ನುವುದು ಹೇಗೆಂದು ಡಿಸೆಂಬರಿನಲ್ಲಿ ಕಲಿತೆ, ಅದರ ಬೆಲೆಯನ್ನೂ ತೆತ್ತೆ. ಅದನ್ನು ನಿಮಗೆ ಬರೆದುಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದಕ್ಕೆ ಮಾತ್ರ ಹೇಳುತ್ತೇನೆ. ಶಹರ್ಬಾನು ಹೆಸರನ್ನು ಎಡಗಡೆ ಇಡು ಎಂದು ಸಾರ್ ಹೇಳಿದಾಗ ನಾನು ಏನಂದೆ ಎಂದು ಕೇಳಿದ್ದೀರಿ.

ಮಾಡ್ಕೊಡ್ತೀನಿ ಸಾರ್ ಅಂದೆ.

ಮಧುಶ್ರೀ